ಕಟ್ಟದ ಮೇಲಿನ ಮೀನು

ಮೀನು ಮಾರುವ ಕುಂಞನ ಸ್ಕೂಟರು ಅಲ್ಫೋನ್ಸ್ ಪೊರ್ಬುಗಳ ಮನೆಯ ತಿರುವಿನಲ್ಲಿ ಎರಡು ಸಲ ಹಾರ್ನು ಹೊಡೆದು ಸುಮ್ಮನಾಯಿತು. ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದ ದಮಯಂತಿ ಕೈ ತಡೆದಳು. ಮೀನಿನ ಪೆಟ್ಟಿಗೆಯಿಂದ ಐಸಿನ ನೀರು ತೊಟ್ಟಿಕ್ಕಿಸುತ್ತ ಸ್ಕೂಟರು ಅವಳ ಗೇಟಿನ ಎದುರಿನಿಂದ ಹಾದುಹೋಯಿತು. ಕುಂಞ ಯಾವತ್ತಿನಂತೆ ಮುಖವನ್ನು ರಸ್ತೆಯ ಆಚೆ ಬದಿಗೆ ತಿರುಗಿಸಿಕೊಂಡಿದ್ದ. ಮುಂದಿನ ಮನೆಯ ಬೇಲಿ ಸಿಗುತ್ತಲೇ ಹಾರ್ನು ಮತ್ತೆ ಶುರುವಾಯಿತು. ಊರಿಗೆಲ್ಲ ಕೇಳುವ ಆ ಕೂಗಿನಲ್ಲಿ ತನ್ನ ಮನೆಯಷ್ಟು ಅಗಲದ ಒಂದು ತೂತು ಬಿದ್ದಿದೆ ಎಂದು ಅವಳಿಗೆ ಅನ್ನಿಸಿತು.

ತೂತು ಬಿದ್ದು ಒಂದು ವರ್ಷವಾಗುತ್ತ ಬಂದಿತ್ತು. ಕಳೆದ ಬೇಸಗೆಯಲ್ಲಿ ಅವಳ ಗಂಡ ಚೆನ್ನಪ್ಪ, ಪಂಪಿನ ಫುಟ್‌ವಾಲ್ವಿಗೆ ಸುತ್ತಿಕೊಂಡ ಕಸ ಬಿಡಿಸಲು ಹೊಳೆಗೆ ಇಳಿದವನು ಮೇಲೆ ಬರಲಿಲ್ಲ. ಮಾರನೆಯ ದಿನ ನೆರೆಮನೆಯ ಅಲ್ಫೋನ್ಸರೇ ಮುಳುಗಿ, ಮರದ ಬೇರಿನ ಅಡಿಯಲ್ಲಿ ಅವನನ್ನು ಹುಡುಕಿ ಸೊಂಟಕ್ಕೆ ಹಗ್ಗ ಕಟ್ಟಿದ್ದರು. ಕಾರ್ಯಗಳೆಲ್ಲ ಮುಗಿದು, ನೆಂಟರು ಮೀನಿನ ಅಡುಗೆ ಮಾಡಿ ಬಡಿಸಿದ ದಿನ ದಮಯಂತಿ ಎಲೆಯ ಮುಂದೆ ಕೂತಳು, ಬಂಗುಡೆಯ ತುಂಡನ್ನು ನೋಡಿದಳು, ಎದ್ದು ಹೋದಳು. ಆಮೇಲೆ ಕುಂಞ ಗೇಟಿಗೆ ಬಂದಾಗಲೆಲ್ಲ ಬೇಡವೆಂದು ಕೈಯಾಡಿಸಿದಳು. ಕೊನೆಗೆ ಅವನೇ ಅರ್ಥಮಾಡಿಕೊಂಡ.

ಸಮುದ್ರದ ಮೀನು ತಿನ್ನುವುದು, ಬಿಡುವುದು ಅವಳ ಇಷ್ಟ. ಹೊಳೆಯದು ಹಾಗಲ್ಲ. ಶಿರಿಯ ಹೊಳೆಯ ಈ ಎರಡು ದಡಗಳಲ್ಲಿ ಒಂದು ನಡಾವಳಿ ಇತ್ತು. ನೀರಿನಲ್ಲಿ ಯಾರಾದರೂ ಹೋದರೆ, ಆ ಮನೆಯವರು ಅದೇ ನೀರಿನಿಂದ ಒಂದು ಮೀನು ತೆಗೆದು, ಬೇಯಿಸಿ ಬಾಯಿಗೆ ಹಾಕುವವರೆಗೆ ಬೇರೆ ಯಾರೂ ಅಲ್ಲಿ ಗಾಳ ಹಾಕುವಂತಿಲ್ಲ, ಬಲೆ ಬೀಸುವಂತಿಲ್ಲ. ಯಾರು ಮಾಡಿದ ನಿಯಮವೆಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ತುಳುವರೂ ಬ್ಯಾರಿಗಳೂ ಕೊಂಕಣಿ ಕ್ರಿಸ್ತುವರಾದ ಪೊರ್ಬುಗಳೂ ಸುಮ್ಮನೆ ಪಾಲಿಸುತ್ತಿದ್ದರು. ಹಾಗಾಗಿ ಕಟ್ಟದ ಮೇಲಿನ ಇಡೀ ಮಡು ಈ ಬೇಸಗೆ ದಮಯಂತಿಯ ಬಾಯಿಯನ್ನು ಕಾಯುತ್ತಿತ್ತು. ಯಾರೊಬ್ಬರೂ ಬಂದು ಕೇಳಿರಲಿಲ್ಲ. ಅಂಗಡಿಗೆ ಹೋದರೆ ಮಾತು ಒಂದು ಗಳಿಗೆ ನಿಲ್ಲುತ್ತಿತ್ತು, ಅಷ್ಟೇ.

ಮಡುವಿನಲ್ಲಿ ಇದ್ದದ್ದು ಕಾಳಾಂಜಿ. ಮಳೆಗಾಲದಲ್ಲಿ ಅಳಿವೆಯ ಉಪ್ಪುನೀರನ್ನು ಬಿಟ್ಟು ಹೊಳೆಯಲ್ಲಿ ಮೇಲಕ್ಕೆ ಬರುವ ಬೆಳ್ಳಿಮೈಯ ಮೀನು. ಡಿಸೆಂಬರಿನಲ್ಲಿ ಊರವರು ಸೇರಿ ಹೊಳೆಗೆ ಅಡ್ಡ ಹಲಗೆ ಇಳಿಸಿ, ಮಣ್ಣು ತುಂಬಿ ಕಟ್ಟ ಕಟ್ಟುತ್ತಾರೆ. ಆಗ ಮೇಲೆ ಉಳಿದದ್ದು ಮಳೆ ಬರುವವರೆಗೆ ಮೇಲೆಯೇ ಉಳಿಯಬೇಕು. ಕೆಳಗೆ ಎಲ್ಲೋ ಸಮುದ್ರವಿದೆ ಎಂದು ಗೊತ್ತಿದ್ದರೂ ಹಲಗೆಗೆ ಮೂತಿ ತಾಗಿಸಿ ಹಿಂದಿರುಗಬೇಕು. ಬಿಸಿಲು ಏರಿ ನೀರು ಇಳಿದಂತೆ ಅವಕ್ಕೆ ಹಸಿವು ಹೆಚ್ಚಿ, ಮಾರ್ಚಿನಲ್ಲಿ ಗಾಳಕ್ಕೆ ಬೀಳತೊಡಗುತ್ತವೆ. ಪೊರ್ಬುಗಳ ಮನೆಯಲ್ಲಿ ಅದೇ ಹೊತ್ತಿಗೆ ಕರೆಜ್ಮ್, ಈಸ್ಟರಿನ ಮುಂಚಿನ ಉಪವಾಸದ ದಿನಗಳು. ಮಾಂಸ ಕೂಡದು, ಮೀನು ಆದೀತು. ಹೀಗೆ ವರ್ಷ ವರ್ಷವೂ ಬಿಸಿಲು ಇಳಿಯುತ್ತಲೇ ಅಲ್ಫೋನ್ಸರೂ ಚೆನ್ನಪ್ಪನೂ ಮಡುವಿನ ದಡದಲ್ಲಿ ಇರುತ್ತಿದ್ದರು.

ಅವರಿಬ್ಬರು ಮೀನು ಹಿಡಿಯುವ ಕ್ರಮ ಹುಟ್ಟಿದ್ದು ಒಂದು ತಪ್ಪಿನಿಂದ. ದಮಯಂತಿ ಮದುವೆಯಾಗಿ ಬಂದ ಹೊಸತು. ಅಲ್ಫೋನ್ಸರು ನೀರಿನ ಅಂಚಿನಲ್ಲಿ ಗಾಳದ ತಂಗೂಸಿ ದಾರ ಹಿಡಿದು ನಿಂತಿದ್ದರು, ಚೆನ್ನಪ್ಪ ಹಿಂದೆ ಅದರ ಸುರುಳಿ ಹಿಡಿದಿದ್ದ. ದೊಡ್ಡದೊಂದು ಕಾಳಾಂಜಿ ಕಚ್ಚಿತು. ದಿನವೆಲ್ಲ ತುಳುವಿನಲ್ಲಿ ಮಾತಾಡುವ ಅಲ್ಫೋನ್ಸರಿಗೆ ಗಾಬರಿಯಲ್ಲಿ ಬಾಯಿಗೆ ಬಂದದ್ದು ತಾಯಿಯ ಕೊಂಕಣಿ. “ವೋಡ್, ವೋಡ್!” ಎಂದು ಕೂಗಿದರು. ಎಳೆ, ಎಳೆ ಎಂದು ಅದರ ಅರ್ಥ. ಚೆನ್ನಪ್ಪನಿಗೆ ಕೇಳಿಸಿದ್ದು ಶಾಲೆಯ ಡ್ರಿಲ್ ಮಾಸ್ತರರ ಕನ್ನಡ. ಓಡು ಎಂದರೆ ಓಡಬೇಕು. ದಾರವನ್ನು ಹೆಗಲಿಗೆ ಹಾಕಿ, ಹಿಂದೆ ನೋಡದೆ, ಗೇರುಮರಗಳ ನಡುವಿನ ಏರುದಾರಿಯಲ್ಲಿ ಒಂದೇ ಉಸಿರಿಗೆ ಓಡಿದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೊಸ ಹೆಂಡತಿಗೆ ಕಂಡದ್ದು, ಗಂಡ ಅಂಗಳಕ್ಕೆ ಓಡಿ ಬರುವುದು, ಅವನ ಹಿಂದೆ ತರಗೆಲೆಯ ಮೇಲೆ ಜಾರುತ್ತ ಒಂದು ಮೀನು ಬರುವುದು.

ನಿಂತು ಎಳೆದಿದ್ದರೆ ದಾರ ಬಂಡೆಗೆ ಉಜ್ಜಿ ತುಂಡಾಗುತ್ತಿತ್ತು ಎಂದು ಆಮೇಲೆ ಇಬ್ಬರಿಗೂ ಹೊಳೆಯಿತು. ಅಂದಿನಿಂದ ಅದೇ ಕ್ರಮ. ಒಬ್ಬರು ಕೂಗಬೇಕು, ಒಬ್ಬರು ಓಡಬೇಕು. ಓಡುವವ ಹಿಂದೆ ನೋಡಬಾರದು, ನೋಡಿದರೆ ದಾರ ಸಡಿಲುತ್ತದೆ. “ಒಬ್ಬ ಕೊಂಕಣಿಯಲ್ಲಿ ಹಿಡಿಯುತ್ತಾನೆ, ಇನ್ನೊಬ್ಬ ಕನ್ನಡದಲ್ಲಿ ಓಡುತ್ತಾನೆ, ಮೀನು ಪಾಪ ತುಳುವಿನಲ್ಲಿ ಸಾಯುತ್ತದೆ” ಎಂದು ಕುಂಞ ಮನೆಮನೆಗೆ ಹೇಳಿಕೊಂಡು ಬಂದಿದ್ದ. ಮೈ ಒರೆಸುವ ಬೈರಾಸನ್ನು ಹೆಗಲಿಗೆ ಮಡಚಿ ಹಾಕಿಕೊಂಡರೂ ವರ್ಷಗಳ ಓಟಕ್ಕೆ ಚೆನ್ನಪ್ಪನ ಬಲ ಹೆಗಲಲ್ಲಿ ಒಂದು ಗೀರು ಉಳಿದುಬಿಟ್ಟಿತ್ತು. ಕಳೆದ ಬೇಸಗೆ ಹೊಳೆಯಿಂದ ಬಂದ ಮೈಯಲ್ಲಿ ಅವಳು ಗುರುತು ಹಿಡಿದದ್ದು ಮುಖವನ್ನಲ್ಲ, ಆ ಗೀರನ್ನು.

ಬಟ್ಟೆ ಹರವಿ ಮುಗಿಯುವಷ್ಟರಲ್ಲಿ ಅಲ್ಫೋನ್ಸರ ಹೆಂಡತಿ ಮಗ್ದಲಿನ್ ಬಂದರು, ಸೆರಗಿನಲ್ಲಿ ಬದನೆಕಾಯಿ ಕಟ್ಟಿಕೊಂಡು. ತುಳುವಿನಲ್ಲಿ ಶುರುಮಾಡಿ ಕನ್ನಡಕ್ಕೆ ದಾಟುವುದು ಅವರ ರೂಢಿ. ಕಟ್ಟೆಯ ಮೇಲೆ ಕೂತು ಬಿಸಿಲನ್ನು ಬೈದರು, ಇಗರ್ಜಿಯ ಹೊಸ ಪಾದ್ರಿಗಳ ಪ್ರಸಂಗ ಉದ್ದವಾಯಿತೆಂದು ಬೈದರು. ಆಮೇಲೆ ಬದನೆಕಾಯಿ ಮುಂದಿಟ್ಟರು.

“ಇದನ್ನು ನೀನೇ ಇಟ್ಟುಕೊ ಮಾರಾಯ್ತಿ. ನಮ್ಮವರು ಬದನೆ ಕಂಡರೆ ಈಗ ತಟ್ಟೆ ದೂಡ್ತಾರೆ.”

“ಮೀನು ಮಾಡಿ ಹಾಕಿ ಬಾಯಮ್ಮ. ಕುಂಞ ದಿನಾ ಬರ್ತಾನಲ್ಲ.”

“ನಾನು ತಿನ್ನಲಿಕ್ಕೆ ತೆಗೊಳ್ಳುದು. ಅವರು ಮುಟ್ಟಬೇಕಲ್ಲ. ಮಾಂಸ ಬಿಟ್ಟದ್ದು ಕರೆಜ್ಮ್‌ಗೆ, ಮೀನು ಬಿಟ್ಟದ್ದು ನಿನ್ನ ಗಂಡನಿಗೆ. ಇನ್ನು ಬದನೆ ಬಿಡುದು ಯಾರಿಗೋ, ಎಂತದೋ.”

ದಮಯಂತಿ ತಲೆ ಎತ್ತಿ ನೋಡಿದಳು. ಅಲ್ಫೋನ್ಸರು ಒಂದು ವರ್ಷದಿಂದ ಮೀನು ಮುಟ್ಟಿಲ್ಲವೆಂಬುದು ಅವಳಿಗೆ ಗೊತ್ತಿರಲಿಲ್ಲ. ಸಂಜೆ ಹೊತ್ತು ಅವರು ಮಡುವಿನ ದಡದಲ್ಲಿ ಬರಿಗೈಯಲ್ಲಿ ಕೂತಿರುವುದನ್ನು ಮಾತ್ರ ಕಂಡಿದ್ದಳು. ಮಗ್ದಲಿನ್ ಎದ್ದು ಸೆರಗು ಕೊಡವಿದರು. ತಾನು ಏನನ್ನೂ ಕೇಳಲು ಬಂದದ್ದಲ್ಲ ಎಂದರು. ಗೇಟಿನ ಹತ್ತಿರ ಹೋಗಿ ಅದನ್ನೇ ಇನ್ನೊಮ್ಮೆ ಹೇಳಿದರು.

ಮಾರನೆಯ ಬೆಳಿಗ್ಗೆ ಹೊಳೆಯ ಕಡೆ ಕಾಗೆಗಳ ಗಲಾಟೆ. ಪಂಪು ಹಾಕಲು ಹೋದ ದಮಯಂತಿಗೆ ಮೆಟ್ಟಿಲ ಬುಡದಲ್ಲಿ ತೋಳುದ್ದದ ಕಾಳಾಂಜಿಯೊಂದು ಹೊಟ್ಟೆ ಮೇಲಾಗಿ ತೇಲುವುದು ಕಾಣಿಸಿತು. ಗಾಯವಿಲ್ಲ, ಗಾಳದ ಗುರುತಿಲ್ಲ. ಇಳಿದ ನೀರಿನ ಬಿಸಿಗೆ ಸತ್ತದ್ದು. ಕಣ್ಣನ್ನು ಕಾಗೆ ಆಗಲೇ ತೆಗೆದಿತ್ತು. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಕೋಲಿನಿಂದ ಅದನ್ನು ದಡಕ್ಕೆ ಎಳೆದಳು. ಮಗಳು ಅನ್ವಿತಾ ಹಾರೆ ತಂದು ತೆಂಗಿನ ಬುಡದಲ್ಲಿ ಗುಂಡಿ ತೋಡಿದಳು. ಅವಳು ಸರಕಾರಿ ಅರ್ಜಿ ತುಂಬಿಸಿಕೊಡುವ ಕುಂಬಳೆಯ ಅಕ್ಷಯ ಕೇಂದ್ರದಲ್ಲಿ ಕೆಲಸಕ್ಕೆ ಇದ್ದಳು, ಬಸ್ಸಿಗೆ ಹೊತ್ತಾಗುತ್ತಿತ್ತು.

“ಅಮ್ಮ, ಒಂದು ಮಾತು ಹೇಳಿಬಿಡಿ. ನಮಗೆ ಆಗುದಿಲ್ಲ, ನೀವೆಲ್ಲ ಹಿಡಿಯಿರಿ ಅಂತ. ಎಲ್ಲಿ ಉಂಟು ಈ ಕಾನೂನು?” ಎಂದಳು.

ಹೇಳಿದರೂ ಯಾರೂ ಹಾಕುವುದಿಲ್ಲ ಎಂದು ದಮಯಂತಿ ಉತ್ತರಿಸಿದಳು. ಅದು ನಿಜ. ಮಣ್ಣು ಮುಚ್ಚಿ ಕಾಲಿನಿಂದ ತುಳಿಯುವಾಗ, ಯಾರೂ ಹಿಡಿಯದೆ ಸತ್ತ ಮೀನಿಗೂ ಒಂದು ಗುಂಡಿ ಬೇಕಾಯಿತಲ್ಲ ಎಂದು ಅವಳಿಗೆ ಅನ್ನಿಸಿತು. ಮಳೆಗೆ ಇನ್ನೂ ಎರಡು ತಿಂಗಳಿತ್ತು. ನೀರಿನಲ್ಲಿ ಇನ್ನೆಷ್ಟು ಇವೆಯೋ.

ಅವಳು ಯಾರಿಗೂ ಹೇಳದ ಮಾತು ಒಂದಿತ್ತು. ಗಂಡನ ಮೈಗೆ ಕೊನೆಯ ನೀರು ಹಾಕುವಾಗ ಬಲಗೈಯನ್ನು ಅವಳು ತನ್ನ ಕೈಯಲ್ಲಿ ತೆಗೆದುಕೊಂಡಿದ್ದಳು. ಬೆರಳುಗಳ ತುದಿ ಇರಲಿಲ್ಲ. ಕಿವಿಯ ಹಾಲೆಯೂ ಹಾಗೆಯೇ. ಭಾವನವರು ತಟ್ಟನೆ ಬಟ್ಟೆ ಎಳೆದು ಮುಚ್ಚಿದರು. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ. ಎಲೆಯ ಮೇಲಿನ ಬಂಗುಡೆ ಸಮುದ್ರದ್ದು, ಅದು ಎಂತ ಮಾಡೀತು ಎಂದು ಬುದ್ಧಿ ಹೇಳುತ್ತಿತ್ತು. ನಾಲಿಗೆ ಕೇಳುತ್ತಿರಲಿಲ್ಲ.

ಅಂದು ಸಂಜೆ ಅವಳು ಮಡುವಿನ ದಡಕ್ಕೆ ಇಳಿದಳು. ಅಲ್ಫೋನ್ಸರು ಬಂಡೆಯ ಮೇಲೆ ಕೂತಿದ್ದರು. ಅವಳನ್ನು ಕಂಡು ಬೀಡಿ ನಂದಿಸಿದರು. ಸತ್ತ ಮೀನಿನ ಸುದ್ದಿ ಅವರಿಗೆ ಮುಟ್ಟಿತ್ತು. ಮೇಲಿನ ತಿರುವಿನಲ್ಲಿಯೂ ಒಂದು ತೇಲಿದೆ ಎಂದರು. ಆಚೆ ದಡದಲ್ಲಿ ಯಾರದೋ ಪಂಪು ಉಸಿರು ಕಟ್ಟಿದವರಂತೆ ಕೆಮ್ಮಿ ನಿಂತಿತು.

“ಪೊರ್ಬುಗಳೇ,” ಎಂದಳು ದಮಯಂತಿ. “ಹಗ್ಗ ಕಟ್ಟುವಾಗ ನೀವು ಅವರ ಕೈ ನೋಡಿದ್ದೀರಲ್ಲ.”

ಅಲ್ಫೋನ್ಸರು ನಂದಿದ ಬೀಡಿಯನ್ನು ಬಂಡೆಯ ಸಂದಿಗೆ ತುರುಕಿದರು. “ನೋಡಿದ್ದೇನೆ,” ಎಂದರು.

“ಇದರಲ್ಲಿ ಇರುವ ಇದೇ ಮೀನಾ?”

“ನನಗೆ ಗೊತ್ತಿಲ್ಲ ದಮಯಂತಿ. ಏಡಿ ಉಂಟು, ಆಮೆ ಉಂಟು, ಮೀನು ಉಂಟು. ಇಂಥದ್ದು ಅಂತ ನಾನು ಹೇಳಿದರೆ ಸುಳ್ಳಾಗ್ತದೆ. ನಿನಗೆ ನಾನು ಸುಳ್ಳು ಹೇಳುದು ಹೇಗೆ?”

ಅವಳು ಎದ್ದು ಬಂದಳು. ಏರುದಾರಿ ಹತ್ತುವಾಗ ಎದೆಯಲ್ಲಿ ಸಿಟ್ಟು ಕುದಿಯುತ್ತಿತ್ತು. ಏಡಿ ಅಂದಿದ್ದರೆ ಇವರ ಗಂಟು ಹೋಗುತ್ತಿತ್ತೇ? ಒಂದೇ ಒಂದು ಶಬ್ದ. ಅದನ್ನು ನಂಬಿ ಅವಳು ಮನೆಗೆ ಹೋಗುತ್ತಿದ್ದಳು, ನಾಳೆ ಒಂದು ಮೀನು ಬೇಯುತ್ತಿತ್ತು, ಊರು ಉಸಿರಾಡುತ್ತಿತ್ತು. ಆ ಒಂದು ಶಬ್ದವನ್ನು ಅವರು ಕೊಡಲಿಲ್ಲ. ತಮಗೂ ಅದು ಬೇಕಾಗಿದ್ದರೂ ಕೊಡಲಿಲ್ಲ ಎಂಬುದು ಬಚ್ಚಲಿನಲ್ಲಿ ಕಾಲು ತೊಳೆಯುವಾಗ ಅವಳಿಗೆ ಹೊಳೆಯಿತು. ವರ್ಷವಿಡೀ ತಟ್ಟೆ ದೂಡಿದವರು ಅವರು.

ಬಚ್ಚಲ ಗೋಡೆಯ ಬದಿಯಲ್ಲಿ ಬಾಯಿ ಒಡೆದ ಮಣ್ಣಿನ ಮಡಕೆ ಮಗುಚಿ ಬಿದ್ದಿತ್ತು. ಗಂಡನ ಸಿಗಡಿಯ ಮಡಕೆ. ಬೇಸಗೆ ಬಂತೆಂದರೆ ಅದು ಅಡುಗೆಮನೆಯ ಮೂಲೆಗೆ ಬರುತ್ತಿತ್ತು. ಹೊಳೆಯ ಸಣ್ಣ ಸಿಗಡಿಗಳನ್ನು ಜೀವ ಸಮೇತ ಅದರಲ್ಲಿ ಬಿಟ್ಟಿರುತ್ತಿದ್ದ. ನೀರು ಬದಲಿಸುವ ಕೆಲಸ ಅವಳದು. ಅವು ಇರುಳಿಡೀ ಚಿಟ್ ಚಿಟ್ ಎಂದು ಹಾರುತ್ತವೆಂದು, ನೆಲವೆಲ್ಲ ಒದ್ದೆಯೆಂದು ಅವಳು ಗೊಣಗದ ದಿನವಿಲ್ಲ. ಗಾಳ ಹಾಕುವ ಮೊದಲು ಅವನು ಮಡಕೆಯೊಳಗೆ ಕೈಯಾಡಿಸಿ, ಸತ್ತ ಸಿಗಡಿಗಳನ್ನೆಲ್ಲ ಆರಿಸಿ ಕೋಳಿಗೆ ಎಸೆಯುತ್ತಿದ್ದ. ಒಮ್ಮೆ ಅವಳು ಜಗಳವನ್ನೇ ತೆಗೆದಿದ್ದಳು. ಅಷ್ಟು ಒಳ್ಳೆಯ ಸಿಗಡಿಯನ್ನು ಕೋಳಿಗೆ ಯಾಕೆ ಹಾಕಬೇಕು, ಗಾಳಕ್ಕೇ ಸಿಕ್ಕಿಸಿದರೆ ಆಗದೇ? ಅವನು ನಕ್ಕಿದ್ದ. ಕಾಳಾಂಜಿಗೆ ಆಡುವುದು ಬೇಕು, ಸತ್ತದ್ದನ್ನು ಅದು ಮೂಸಿಯೂ ನೋಡುವುದಿಲ್ಲ ಎಂದಿದ್ದ.

ದಮಯಂತಿ ಮಡಕೆಯನ್ನು ಎತ್ತಿ ನೆಟ್ಟಗೆ ಇಟ್ಟಳು. ಅದರ ಅಡಿಯಲ್ಲಿ ಮಣ್ಣು ದುಂಡಗೆ ತಂಪಾಗಿತ್ತು. ಸತ್ತದ್ದನ್ನು ಅದು ಮೂಸಿಯೂ ನೋಡುವುದಿಲ್ಲ. ಹಾಗಾದರೆ ಆ ಬೆರಳುಗಳನ್ನೂ ಅದು ಮುಟ್ಟಿರಲಿಕ್ಕಿಲ್ಲ. ಇಪ್ಪತ್ತೈದು ವರ್ಷ ಈ ಮಡಕೆಗೆ ನೀರು ತುಂಬಿದವಳು ತಾನೇ. ಅವಳು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತಳು. ಅನ್ವಿತಾ ಕೆಲಸದಿಂದ ಬಂದು, ಅಮ್ಮ ಬಚ್ಚಲ ಬದಿಯಲ್ಲಿ ಖಾಲಿ ಮಡಕೆ ತಬ್ಬಿಕೊಂಡು ಕೂತದ್ದನ್ನು ಕಂಡು ಎಂತಾಯಿತೆಂದು ಕೇಳಿದಳು. ಏನೂ ಇಲ್ಲ, ತೊಳೆಯಬೇಕು ಎಂದಳು ದಮಯಂತಿ.

ಮರುದಿನ ಬಿಸಿಲು ಬಾಗುವ ಹೊತ್ತಿಗೆ ಅವಳು ಹಳೆಯ ಪಂಚೆಯೊಂದನ್ನು ಹಿಡಿದು ಕಟ್ಟದ ಬದಿಯ ತೆಳುನೀರಿಗೆ ಇಳಿದಳು. ಮೊಣಕಾಲುದ್ದದ ನೀರು. ವರ್ಷದಲ್ಲಿ ಮೊದಲ ಸಲ ಹೊಳೆ ಅವಳ ಕಾಲನ್ನು ಮುಟ್ಟಿತ್ತು. ಬೆಚ್ಚಗಿತ್ತು, ಅದು ಅವಳಿಗೆ ಇಷ್ಟವಾಗಲಿಲ್ಲ. ಬೇರಿನ ಸಂದಿಯಲ್ಲಿ ಪಂಚೆ ಹರಡಿ ಎತ್ತಿದಾಗ ಕಸದ ನಡುವೆ ಗಾಜಿನ ಚೂರಿನಂತೆ ಸಿಗಡಿಗಳು ಹಾರಿದವು. ಮಡಕೆಯ ತಳ ಕಾಣದಷ್ಟು ಆದ ಮೇಲೆ ಅದನ್ನು ಸೊಂಟದ ಮೇಲೆ ಇಟ್ಟುಕೊಂಡು ಬಂಡೆಯ ಹತ್ತಿರ ಬಂದಳು. ಕೈಹಾಕಿ ಆಡದ ಎರಡನ್ನು ತೆಗೆದು ದಡಕ್ಕೆ ಎಸೆದಳು. ಉಳಿದದ್ದನ್ನು ಅಲ್ಫೋನ್ಸರ ಕಾಲ ಬಳಿ ಇಟ್ಟಳು.

“ಎಲ್ಲ ಜೀವ ಇರುವುದು,” ಎಂದಳು.

ಅಲ್ಫೋನ್ಸರು ಮಡಕೆಯನ್ನು ನೋಡಿದರು, ದಡದಲ್ಲಿ ಬಿದ್ದ ಎರಡು ಸತ್ತ ಸಿಗಡಿಗಳನ್ನು ನೋಡಿದರು, ಅವಳ ಮುಖ ನೋಡಿದರು. ಎದ್ದು ಮನೆಗೆ ಹೋಗಿ ತಂಗೂಸಿಯ ಸುರುಳಿ ತಂದರು. ಅವರ ಹಿಂದೆಯೇ ಮಗ್ದಲಿನ್ ಬಂದರು, ಬಂದು ಗೇರುಮರದ ಕೆಳಗೆ ದೂರದಲ್ಲಿ ನಿಂತು ಶಿಲುಬೆ ಹಾಕಿಕೊಂಡರು.

ಸಿಗಡಿಯನ್ನು ಬೆನ್ನಿನ ಮೇಲೆ ನಯವಾಗಿ ಸಿಕ್ಕಿಸಿ, ದಾರ ಎಸೆಯುವ ಮೊದಲು ಅಲ್ಫೋನ್ಸರು ನಿಂತರು. ಓಡುವವರು ಯಾರು ಎಂಬುದು ಆಗ ಎಲ್ಲರಿಗೂ ನೆನಪಾಯಿತು. ಅನ್ವಿತಾ ಬರುವವರೆಗೆ ಕಾಯುವ, ಚಿಕ್ಕ ಪ್ರಾಯದ ಕಾಲು ಎಂದರು ಅವರು. ದಮಯಂತಿ ಕಾಯಲಿಲ್ಲ. ಸೀರೆಯ ನೆರಿಗೆಯನ್ನು ಎತ್ತಿ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದಳು. ಮಡಕೆ ಹೊರಲು ತಂದಿದ್ದ ಬೈರಾಸನ್ನು ಮಡಚಿ ಬಲ ಹೆಗಲ ಮೇಲೆ ಹಾಕಿಕೊಂಡಳು. ಚೆನ್ನಪ್ಪನ ಬೈರಾಸು. ನಡುವಿನಲ್ಲಿ ಅದು ಉಜ್ಜಿ ಉಜ್ಜಿ ನೂಲು ನೂಲಾಗಿತ್ತು.

“ಬೀಳ್ತಿ ನೀನು,” ಎಂದು ಮಗ್ದಲಿನ್ ಕೂಗಿದರು. “ಅವ ಇಪ್ಪತ್ತೆಂಟರಲ್ಲಿ ಕಲಿತದ್ದು, ನೀನು ಐವತ್ತರಲ್ಲಿ ಕಲಿಯುದಾ?”

“ಅವರಿಗೂ ಯಾರೂ ಕಲಿಸಿದ್ದಲ್ಲ ಬಾಯಮ್ಮ. ಕೇಳಿದ್ದು ತಪ್ಪಿದ್ದು.”

ದಾರ ನೀರಿಗೆ ಬಿತ್ತು. ಬೆಳಕು ಮಡುವಿನ ಮೇಲೆ ಎಣ್ಣೆಯಂತೆ ಹರಡಿತ್ತು. ದಮಯಂತಿ ನೀರಿಗೆ ಬೆನ್ನು ಹಾಕಿ, ದಾರವನ್ನು ಹೆಗಲ ಮೇಲಿಂದ ಮುಂದಕ್ಕೆ ತಂದು ಎರಡೂ ಕೈಯಲ್ಲಿ ಸುತ್ತಿ ಹಿಡಿದು ನಿಂತಳು. ಹೀಗೆ ನಿಂತರೆ ಕಾಣುವುದು ಏರುದಾರಿ, ಅದರ ತುದಿಯಲ್ಲಿ ತನ್ನ ಮನೆಯ ಅಡುಗೆಮನೆಯ ಬಾಗಿಲು. ಇಷ್ಟು ವರ್ಷ ಅವನು ನೋಡುತ್ತಿದ್ದದ್ದು ಇದನ್ನು. ಆ ಬಾಗಿಲಲ್ಲಿ ಅವಳು ಕೆಲವು ಸಂಜೆ ಇದ್ದಳು, ಹಲವು ಸಂಜೆ ಇರಲಿಲ್ಲ.

ಹೊತ್ತು ಹೋಯಿತು. ಒಮ್ಮೆ ದಾರ ಅಲುಗಿತು, ಸುಳ್ಳು. ಹಿಂದೆ ಅಲ್ಫೋನ್ಸರ ಉಸಿರು ಮಾತ್ರ ಕೇಳುತ್ತಿತ್ತು. ಒಂದು ವರ್ಷದಿಂದ ಅವಳ ಕನಸಿನಲ್ಲಿ ಹೊಳೆಯಿಂದ ಒಂದು ಹಗ್ಗ ಬರುತ್ತಿತ್ತು. ನಾಲ್ಕು ಜನ ಎಳೆಯುತ್ತಿದ್ದರು, ನಿಧಾನ, ನಿಧಾನ ಎಂದು ಯಾರೋ ಹೇಳುತ್ತಿದ್ದರು, ತುದಿಯಲ್ಲಿದ್ದ ಭಾರ ಎಳೆದಷ್ಟು ಸುಮ್ಮನೆ ಬರುತ್ತಿತ್ತು. ಅದೇ ಎಲ್ಲಕ್ಕಿಂತ ಭಯದ್ದು, ಅದು ಸುಮ್ಮನೆ ಬರುತ್ತಿದ್ದದ್ದು.

“ವೋಡ್!”

ಅಲ್ಫೋನ್ಸರ ಕೂಗಿನಲ್ಲಿ ಮುದುಕನ ದನಿ ಇರಲಿಲ್ಲ. ದಮಯಂತಿಯ ಕಾಲು ಅವಳಿಗಿಂತ ಮೊದಲು ಕೇಳಿಸಿಕೊಂಡಿತು. ಓಡಿದಳು. ದಾರ ಬೈರಾಸಿನ ಮೇಲೆ ಬಿಗಿದು ಹೆಗಲನ್ನು ಹಿಂದಕ್ಕೆ ಜಗ್ಗಿತು, ಇನ್ನೇನು ಮಗುಚಬೇಕು, ಮುಂದಕ್ಕೆ ಬಾಗಿ ಭಾರ ಹಾಕಿದಳು. ಅದು ಸುಮ್ಮನೆ ಬರುತ್ತಿರಲಿಲ್ಲ. ಎಡಕ್ಕೆ ಎಳೆಯಿತು, ಆಳಕ್ಕೆ ಎಳೆಯಿತು, ಒಮ್ಮೆ ಸಡಿಲವಾಗಿ ಮರುಕ್ಷಣ ಮೊದಲಿಗಿಂತ ಸಿಟ್ಟಿನಲ್ಲಿ ಜಗ್ಗಿತು. ಅದರ ಒಂದೊಂದು ಒದೆತವೂ ದಾರದಲ್ಲಿ ಹರಿದು ಬಂದು ಅವಳ ಹೆಗಲ ಮೂಳೆಗೆ ಬಡಿಯುತ್ತಿತ್ತು. ತರಗೆಲೆಯ ಮೇಲೆ ಕಾಲು ಜಾರಿತು, ಮೊಣಕಾಲು ಊರಿ ಎದ್ದಳು. ಮಗ್ದಲಿನ್ ಏನೋ ಕೂಗುತ್ತಿದ್ದರು. ಗೇರುಮರಗಳು ಮುಗಿದವು. ಹಿಂದೆ ನೀರು ಒಡೆದ ಸದ್ದು, ಆಮೇಲೆ ಒಣ ಎಲೆಗಳ ಸದ್ದು, ಅವಳ ಹಿಂದೆಯೇ, ದಾರಿಯುದ್ದಕ್ಕೂ.

ಸಾಕು, ಬಂತು, ನಿಲ್ಲು ಎಂದು ಅಲ್ಫೋನ್ಸರು ಕೂಗಿದರು. ಅವಳು ನಿಲ್ಲಲಿಲ್ಲ. ಅಂಗಳ ದಾಟಿ ಬಟ್ಟೆ ಒಗೆಯುವ ಕಲ್ಲಿನವರೆಗೆ ಹೋಗಿ, ಅಡುಗೆಮನೆಯ ಬಾಗಿಲಿಗೆ ಮುಖ ಮಾಡಿ ನಿಂತಳು. ಏದುಸಿರಿನ ನಡುವೆ ಬೆನ್ನ ಹಿಂದೆ ಬಾಲ ನೆಲಕ್ಕೆ ಬಡಿಯುವುದು 'ಪಟ್… ಪಟ್' ಎಂದು ಕೇಳುತ್ತಿತ್ತು.

“ಜೀವ ಉಂಟಾ ಪೊರ್ಬುಗಳೇ?” ಎಂದಳು, ತಿರುಗದೆ.

ಅಲ್ಫೋನ್ಸರು ಅಂಗಳಕ್ಕೆ ಬಂದು ಮುಟ್ಟಲು ಸ್ವಲ್ಪ ಹೊತ್ತು ಬೇಕಾಯಿತು.

“ಉಂಟು,” ಎಂದರು.

ಅವಳು ದಾರವನ್ನು ಹೆಗಲಿನಿಂದ ಇಳಿಸಿದಳು. ಬೈರಾಸಿನ ನೂಲು ಅಲ್ಲಲ್ಲಿ ಹೆಗಲಿಗೆ ಅಂಟಿಕೊಂಡಿತ್ತು, ಅದನ್ನು ಬಿಡಿಸಲಿಲ್ಲ. ಒಳಗೆ ಹೋಗಿ ಅಟ್ಟಕ್ಕೆ ಕೈ ಚಾಚಿ, ಗೋಣಿಯಲ್ಲಿ ಸುತ್ತಿಟ್ಟಿದ್ದ ಮೀನಿನ ಮೆಟ್ಟುಕತ್ತಿಯನ್ನು ತೆಗೆದಳು. ಅಲಗಿನ ತುಂಬ ತುಕ್ಕು. ಒಗೆಯುವ ಕಲ್ಲಿನ ಮೇಲೆ ಒಂದು ಚೊಂಬು ನೀರು ಸುರಿದು, ಕೂತು, ಮಸೆಯತೊಡಗಿದಳು. ಕಲ್ಲಿನಿಂದ ಇಳಿದ ನೀರು ಮೊದಲು ಕೆಂಪಗೆ ಹರಿಯಿತು. ಅವಳು ಇನ್ನೊಂದು ಚೊಂಬು ಸುರಿದಳು, ಮತ್ತೆ ಮಸೆದಳು, ಮತ್ತೆ ಸುರಿದಳು. ನೀರು ಅಂಗಳದ ಇಳಿಜಾರಿನಲ್ಲಿ ಮೀನನ್ನು ಬಳಸಿ, ತರಗೆಲೆಗಳ ನಡುವೆ ಅದು ಬಂದ ದಾರಿಯನ್ನೇ ಹಿಡಿದು, ತಿಳಿಯಾಗುತ್ತ ಕೆಳಗೆ ಹೋಯಿತು.